ಡೇಟ್ ಮುಗಿದ ನೇಲ್ ಪಾಲಿಶ್, ಹಳೇ ಕಾಡಿಗೆ: ಯಾವುದನ್ನು ಎಸೆಯಬೇಕು, ಯಾವುದಕ್ಕೆ ಹೆದರಬೇಕಿಲ್ಲ?

ಮದುವೆ ಸೀಸನ್ ಶುರುವಾದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಡೇಟ್ ಮುಗಿದ ಮೇಕಪ್ ಸಾಮಾನು ವಿಷಕ್ಕೆ ಸಮಾನ, ಕ್ಯಾನ್ಸರ್ ಬರುತ್ತದೆ, ಈಗಲೇ ಎಲ್ಲವನ್ನೂ ಎಸೆಯಿರಿ ಎನ್ನುವುದು ಒಂದು. ಮೇಕಪ್ ಕೆಡುವುದೇ ಇಲ್ಲ, ಮಾರಾಟ ಹೆಚ್ಚಲಿ ಅಂತ ಕಂಪನಿಗಳು ಡೇಟ್ ಹಾಕುತ್ತವೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದವರು ಸಾವಿರಾರು ರೂಪಾಯಿಯ ಸಾಮಾನನ್ನು ಸುಮ್ಮನೆ ಕಸಕ್ಕೆ ಹಾಕುತ್ತಾರೆ. ಎರಡನೆಯದನ್ನು ನಂಬಿದವರು ಅಕ್ಕನ ಮದುವೆಗೆ ತಂದ ಮಸ್ಕಾರವನ್ನು ತಂಗಿಯ ಮದುವೆಗೂ ಹಚ್ಚಿಕೊಳ್ಳುತ್ತಾರೆ.

ಭದ್ರಾವತಿಯ ಓಲ್ಡ್ ಟೌನ್ ಇರಲಿ, ಶಿವಮೊಗ್ಗದ ಗಾಂಧಿ ಬಜಾರ್ ಇರಲಿ, ಫ್ಯಾನ್ಸಿ ಸ್ಟೋರ್‌ನಿಂದ ಮನೆಗೆ ಬರುವ ಈ ಸಾಮಾನುಗಳು ಒಂದೇ ಪರ್ಸಿನಲ್ಲಿ, ಒಂದೇ ಬೀರುವಿನಲ್ಲಿ ಇರುತ್ತವೆ. ಆದರೆ ಎಲ್ಲವೂ ಒಂದೇ ರೀತಿ ಹಳತಾಗುವುದಿಲ್ಲ. ನೇಲ್ ಪಾಲಿಶ್ ಹಳತಾದರೆ ಸಾಮಾನ್ಯವಾಗಿ ಹಾಳಾಗುವುದು ಅದರ ಅಂದ ಮಾತ್ರ. ಮಸ್ಕಾರ ಹಳತಾದರೆ ತೊಂದರೆ ಕಣ್ಣಿಗೇ ಆಗಬಹುದು. ಈ ವ್ಯತ್ಯಾಸ ಗೊತ್ತಿದ್ದರೆ ಹಣವೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ.

ಪ್ಯಾಕ್ ಮೇಲಿನ ಡೇಟ್ ಏನು ಹೇಳುತ್ತದೆ?

ಭಾರತದಲ್ಲಿ ಸೌಂದರ್ಯವರ್ಧಕಗಳ ತಯಾರಿಕೆ ಮತ್ತು ಮಾರಾಟ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಅಡಿ ಬರುತ್ತದೆ. ಅದರ ಅಡಿ 2020ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ಸೌಂದರ್ಯವರ್ಧಕ ನಿಯಮಗಳು ಬಂದವು. ಇವುಗಳ ಪ್ರಕಾರ ಲೇಬಲ್ ಮೇಲೆ ಯಾವಾಗಿನವರೆಗೆ ಬಳಸಬಹುದು ಎಂಬ ದಿನಾಂಕ ಇರಬೇಕು. ಜೊತೆಗೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್, ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿಯೂ ಇರಬೇಕು. ಹಾಗಾಗಿ ಇದು ಕಂಪನಿಗಳು ತಮ್ಮ ಇಷ್ಟಕ್ಕೆ ಹಾಕುವ ಡೇಟ್ ಅಲ್ಲ, ಕಾನೂನು ಕೇಳುವ ಡೇಟ್. ಎಲ್ಲ ದೇಶಗಳಲ್ಲೂ ಹೀಗಿಲ್ಲ. ಅಮೆರಿಕದಲ್ಲಿ ಮೇಕಪ್ ಸಾಮಾನಿನ ಮೇಲೆ ಎಕ್ಸ್‌ಪೈರಿ ಡೇಟ್ ಹಾಕಲೇಬೇಕೆಂಬ ಕೇಂದ್ರ ಕಾನೂನು ಇಲ್ಲ.

ಆದರೆ ಈ ಡೇಟ್ ಸೀಲ್ ಒಡೆಯದ, ಸರಿಯಾಗಿ ಇಟ್ಟ ಸಾಮಾನಿಗೆ ಸಂಬಂಧಿಸಿದ್ದು. ಮುಚ್ಚಳ ತೆಗೆದ ದಿನದಿಂದ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಗಾಳಿ ಒಳಗೆ ಹೋಗುತ್ತದೆ, ಬೆರಳು ತಾಗುತ್ತದೆ, ಬ್ರಷ್ ಕಣ್ಣಿಗೆ ಹೋಗಿ ಮತ್ತೆ ಟ್ಯೂಬಿಗೆ ಬರುತ್ತದೆ. ಪ್ಯಾಕ್ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಪುಟ್ಟ ಚಿತ್ರ ನೋಡಿರಬಹುದು. ಅದರೊಳಗೆ 6ಎಂ, 12ಎಂ, 24ಎಂ ಎಂದು ಬರೆದಿರುತ್ತದೆ. ತೆರೆದ ಮೇಲೆ 6, 12 ಅಥವಾ 24 ತಿಂಗಳು ಬಳಸಬಹುದು ಎಂದು ಅದರ ಅರ್ಥ. 30 ತಿಂಗಳಿಗಿಂತ ಹೆಚ್ಚು ಬಾಳುವ ಸಾಮಾನಿಗೆ ಈ ಮಾಹಿತಿ ಕೊಡಬೇಕೆಂಬುದು ಯುರೋಪ್ ಒಕ್ಕೂಟದ ನಿಯಮ. ಇಲ್ಲಿ ಸಿಗುವ ಎಷ್ಟೋ ಬ್ರ್ಯಾಂಡ್‌ಗಳೂ ಇದನ್ನು ಮುದ್ರಿಸುತ್ತವೆ.

ಉದಾಹರಣೆಗೆ, ಮಸ್ಕಾರದ ಮೇಲೆ 2028ರವರೆಗೆ ಡೇಟ್ ಇದೆ ಎಂದುಕೊಳ್ಳಿ. ನೀವು ಅದನ್ನು ತೆರೆದು ಒಂದು ವರ್ಷವಾಗಿದೆ. ಡೇಟ್ ಮುಗಿದಿಲ್ಲ, ಆದರೂ ಆ ಮಸ್ಕಾರ ಹಳತು. ಎರಡರಲ್ಲಿ ಯಾವ ಅವಧಿ ಮೊದಲು ಮುಗಿಯುತ್ತದೋ ಅದನ್ನೇ ಪಾಲಿಸಬೇಕು.

ಕೆಡುವುದು ಅಂದರೆ ಏನಾಗುತ್ತದೆ?

ಮೇಕಪ್ ಮೂರು ರೀತಿಯಲ್ಲಿ ಕೆಡುತ್ತದೆ.

ಮೊದಲನೆಯದು ಸೂಕ್ಷ್ಮಜೀವಿಗಳಿಂದ. ಬ್ಯಾಕ್ಟೀರಿಯಾ ಮತ್ತು ಬೂಸ್ಟು ಬೆಳೆಯಲು ನೀರು ಬೇಕು. ಅಡುಗೆಮನೆಯಲ್ಲಿ ಇದು ನಮಗೆ ಚೆನ್ನಾಗಿ ಗೊತ್ತಿರುವ ವಿಷಯ. ಒಣ ಚಟ್ನಿಪುಡಿ ತಿಂಗಳುಗಟ್ಟಲೆ ಇರುತ್ತದೆ, ಕಾಯಿಚಟ್ನಿ ಸಂಜೆಗೇ ಹಳಸುತ್ತದೆ. ಹಾಗೆಯೇ ನೀರಿನ ಅಂಶ ಇರುವ ಮಸ್ಕಾರ, ಲಿಕ್ವಿಡ್ ಐಲೈನರ್, ಲಿಕ್ವಿಡ್ ಫೌಂಡೇಶನ್, ಕ್ರೀಮ್‌ಗಳು ಬೇಗ ಕೆಡುತ್ತವೆ. ಅದಕ್ಕೇ ಅವುಗಳಿಗೆ ಸಂರಕ್ಷಕ ಹಾಕಿರುತ್ತಾರೆ. ಆದರೆ ದಿನವೂ ಹೊಸ ಸೂಕ್ಷ್ಮಜೀವಿಗಳು ಒಳಗೆ ಸೇರುತ್ತಿದ್ದರೆ ಸಂರಕ್ಷಕದ ಶಕ್ತಿಗೂ ಒಂದು ಮಿತಿ ಇದೆ.

ಎರಡನೆಯದು ಎಣ್ಣೆ ಕೆಡುವುದು. ಕೊಬ್ಬರಿ ಎಣ್ಣೆ ಹಳತಾದಾಗ ಬರುವ ಕಮಟು ವಾಸನೆ ಗೊತ್ತಲ್ಲ? ಗಾಳಿಯ ಆಮ್ಲಜನಕ ಎಣ್ಣೆಯೊಂದಿಗೆ ಸೇರಿ ಹಾಗಾಗುತ್ತದೆ. ಲಿಪ್‌ಸ್ಟಿಕ್‌ನಲ್ಲಿ ನೀರು ಇರುವುದಿಲ್ಲ ಎನ್ನುವಷ್ಟು ಕಡಿಮೆ. ಇರುವುದು ಮೇಣ ಮತ್ತು ಎಣ್ಣೆ. ಹಾಗಾಗಿ ಅದು ಕೆಡುವುದು ಹೆಚ್ಚಾಗಿ ಹೀಗೆ.

ಮೂರನೆಯದು ಆವಿಯಾಗುವುದು, ಬೇರ್ಪಡುವುದು, ಬಣ್ಣ ಮಾಸುವುದು. ನೇಲ್ ಪಾಲಿಶ್ ಬರುವುದು ಈ ಗುಂಪಿಗೆ.

ನಿಮ್ಮ ಮುಂದಿರುವ ಸಾಮಾನು ಯಾವ ಗುಂಪಿನದ್ದು ಎಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದಂತೆ. ಉಳಿದರ್ಧ, ಅದನ್ನು ದೇಹದ ಯಾವ ಭಾಗಕ್ಕೆ ಹಚ್ಚುತ್ತೀರಿ ಎಂಬುದರಲ್ಲಿದೆ.

ಮೊದಲು ನೋಡಬೇಕಾದ್ದು ಕಣ್ಣಿಗೆ ಹಚ್ಚುವುದನ್ನು

ಮಸ್ಕಾರದ ಟ್ಯೂಬ್ ಒಳಗೆ ಕತ್ತಲು, ತೇವ ಎರಡೂ ಇವೆ. ಬ್ರಷ್ ರೆಪ್ಪೆಗೂದಲಿಗೆ ತಾಗಿ ಮತ್ತೆ ಅದೇ ಟ್ಯೂಬಿಗೆ ಹೋಗುತ್ತದೆ. ಹಚ್ಚುವಾಗ ಕೈ ಜಾರಿ ಬ್ರಷ್ ಕಣ್ಣುಗುಡ್ಡೆಗೆ ತಾಗಿದರೆ ಕಾರ್ನಿಯಾ ಎಂಬ ಪಾರದರ್ಶಕ ಪದರದ ಮೇಲೆ ಸಣ್ಣ ಗೀರು ಬೀಳಬಹುದು. ಮಾಮೂಲಿ ದಿನಗಳಲ್ಲಿ ಅದು ತಾನೇ ಮಾಯುತ್ತದೆ. ಆದರೆ ಆ ಬ್ರಷ್‌ನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಗೀರು ಹುಣ್ಣಾಗಬಹುದು. 1977ರಲ್ಲಿ ಅಮೆರಿಕದ ಕಣ್ಣಿನ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಇಂಥದ್ದೇ ಪ್ರಕರಣಗಳು ವರದಿಯಾದವು. ಕಲುಷಿತ ಮಸ್ಕಾರದಿಂದ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸೇರಿ ಕಾರ್ನಿಯಾದಲ್ಲಿ ಹುಣ್ಣಾಗಿತ್ತು. ಈ ಸೋಂಕಿಗೆ ಬೇಗ ಚಿಕಿತ್ಸೆ ಸಿಗದಿದ್ದರೆ ದೃಷ್ಟಿಗೇ ಅಪಾಯ.

ಇದು ಎಲ್ಲರಿಗೂ ಆಗುತ್ತದೆ ಎಂದಲ್ಲ. ಆದರೆ ಮಸ್ಕಾರವನ್ನು ಎರಡರಿಂದ ನಾಲ್ಕು ತಿಂಗಳಿಗೆ ಬದಲಿಸಿ ಎಂಬ ಸಲಹೆ ಇರುವುದು ಇಂಥ ಕಾರಣಕ್ಕೆ. ಮಸ್ಕಾರ ಒಣಗಿತು ಅಂತ ಎರಡು ಹನಿ ನೀರು ಹಾಕುವುದು ಅಥವಾ ಎಂಜಲು ತಾಗಿಸುವುದು ಬೇಡವೇ ಬೇಡ. ನೀರಿನ ಜೊತೆ ಸೂಕ್ಷ್ಮಜೀವಿಗಳೂ ಸೇರುತ್ತವೆ, ಇರುವ ಸಂರಕ್ಷಕವೂ ತೆಳುವಾಗುತ್ತದೆ.

ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲು ಕಷ್ಟವಾದರೆ ಮೇಕಪ್ ನಿಲ್ಲಿಸಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಮನೆಯಲ್ಲಿ ಉಳಿದಿರುವ ಹಳೇ ಐ ಡ್ರಾಪ್ಸ್ ಹಾಕಿಕೊಳ್ಳದೆ ಕಣ್ಣಿನ ವೈದ್ಯರ ಬಳಿ ಹೋಗಿ. ಹಚ್ಚಿಕೊಂಡಿದ್ದ ಕಾಡಿಗೆ ಅಥವಾ ಮಸ್ಕಾರವನ್ನೂ ಜೊತೆಗೆ ಒಯ್ದು ತೋರಿಸಿ. ಸೋಂಕು ಬಂದಾಗ ಬಳಸಿದ್ದನ್ನು ಗುಣವಾದ ಮೇಲೆ ಮತ್ತೆ ಬಳಸಬೇಡಿ.

ಬಳಸಿದ ಮೇಕಪ್‌ನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇರುತ್ತದೆ?

ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಜನರು ಬಳಸುತ್ತಿದ್ದ 467 ಸಾಮಾನುಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಲಿಪ್‌ಸ್ಟಿಕ್, ಲಿಪ್ ಗ್ಲಾಸ್, ಐಲೈನರ್, ಮಸ್ಕಾರ ಮತ್ತು ಬ್ಯೂಟಿ ಬ್ಲೆಂಡರ್ ಎನ್ನುವ ಸ್ಪಂಜು ಅದರಲ್ಲಿದ್ದವು. 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಸುಮಾರು 79ರಿಂದ 90 ಪ್ರತಿಶತ ಸಾಮಾನುಗಳಲ್ಲಿ ಬ್ಯಾಕ್ಟೀರಿಯಾ ಇತ್ತು. ಸ್ಪಂಜುಗಳ ಪೈಕಿ 93 ಪ್ರತಿಶತವನ್ನು ಒಮ್ಮೆಯೂ ತೊಳೆದಿರಲಿಲ್ಲ, 64 ಪ್ರತಿಶತ ನೆಲಕ್ಕೆ ಬಿದ್ದಿದ್ದವು.

ಈ ಅಂಕಿಯನ್ನು ಹಿಡಿದು ಹೆದರಿಸುವುದು ಸುಲಭ. ಬ್ಯಾಕ್ಟೀರಿಯಾ ಇದೆ ಎಂದ ಮಾತ್ರಕ್ಕೆ ಕಾಯಿಲೆ ಬಂತು ಎಂದಲ್ಲ. ನಮ್ಮ ಚರ್ಮದ ಮೇಲೂ, ಈ ಲೇಖನ ಓದುತ್ತಿರುವ ಮೊಬೈಲ್ ಮೇಲೂ ಬ್ಯಾಕ್ಟೀರಿಯಾ ಇದೆ. ಚರ್ಮ ಸೀಳದೆ ಇದ್ದರೆ ಅದು ಗಟ್ಟಿ ಗೋಡೆಯಿದ್ದಂತೆ. ಕಣ್ಣು, ಒಡೆದ ತುಟಿ, ಒಡೆದ ಮೊಡವೆ, ಥ್ರೆಡಿಂಗ್ ಮಾಡಿಸಿದ ಹುಬ್ಬಿನ ಸುತ್ತಲಿನ ಚರ್ಮ, ಇಂಥ ಕಡೆ ಆ ಗೋಡೆ ತೆಳು ಅಥವಾ ಬಿರುಕು ಬಿಟ್ಟಿರುತ್ತದೆ. ಮಧುಮೇಹ ಇರುವವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಇನ್ನಷ್ಟು ಎಚ್ಚರವಾಗಿರಬೇಕು.

ಈ ಅಧ್ಯಯನದಿಂದ ತಿಳಿಯುವ ಇನ್ನೊಂದು ವಿಷಯವೆಂದರೆ, ನಾವು ಡೇಟ್ ನೋಡುತ್ತಾ ಕೂತಿರುವಾಗ ತೊಳೆಯದ ಸ್ಪಂಜನ್ನು ಮರೆತೇಬಿಡುತ್ತೇವೆ. ಹೊಸ ಫೌಂಡೇಶನ್ ಅನ್ನು ಕೊಳಕು ಸ್ಪಂಜಿನಲ್ಲಿ ಹಚ್ಚಿಕೊಂಡರೆ ಡೇಟ್ ಏನೂ ಸಹಾಯ ಮಾಡುವುದಿಲ್ಲ.

ಇನ್ನು ನೇಲ್ ಪಾಲಿಶ್

ನೇಲ್ ಪಾಲಿಶ್ ನಿಜವಾಗಿ ಒಂದು ಪೇಂಟ್. ಕಾರುಗಳಿಗೆ ಹೊಡೆಯುವ ನೈಟ್ರೋಸೆಲ್ಯುಲೋಸ್ ಬಣ್ಣಗಳು ಬಂದದ್ದು 1920ರ ದಶಕದಲ್ಲಿ. ಇಂದಿನ ನೇಲ್ ಪಾಲಿಶ್ ಅದೇ ತಂತ್ರಜ್ಞಾನದಿಂದ ಬೆಳೆದದ್ದು. ಬಾಟಲಿಯಲ್ಲಿ ಪದರ ಕಟ್ಟುವ ನೈಟ್ರೋಸೆಲ್ಯುಲೋಸ್, ಬಣ್ಣದ ಪುಡಿ, ಪದರ ಬಿರುಕು ಬಿಡದಂತೆ ಮೆದುವಾಗಿಡುವ ಪದಾರ್ಥ, ಇವೆಲ್ಲವನ್ನೂ ಕರಗಿಸಿಡುವ ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಎಂಬ ದ್ರಾವಕಗಳು ಇರುತ್ತವೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುವುದು ಈ ದ್ರಾವಕಗಳ ವಾಸನೆ.

ಮಾಮೂಲಿ ನೇಲ್ ಪಾಲಿಶ್‌ನಲ್ಲಿ ನೀರಿಲ್ಲ, ಪೂರ್ತಿ ದ್ರಾವಕವೇ. ಇದರಲ್ಲಿ ಸೂಕ್ಷ್ಮಜೀವಿಗಳು ಬದುಕುವುದು ಬಹಳ ಕಷ್ಟ. ಹಾಗಾಗಿ ಇದು ಮಸ್ಕಾರದಂತೆ ಹಳಸುವುದಿಲ್ಲ. ಪ್ರತಿಸಲ ಮುಚ್ಚಳ ತೆರೆದಾಗ ಸ್ವಲ್ಪ ದ್ರಾವಕ ಗಾಳಿಗೆ ಹೋಗುತ್ತದೆ, ಪಾಲಿಶ್ ಗಟ್ಟಿಯಾಗುತ್ತದೆ, ನೂಲು ನೂಲಾಗಿ ಎಳೆಯುತ್ತದೆ, ಉಗುರಿನ ಮೇಲೆ ಸರಿಯಾಗಿ ಕೂರುವುದಿಲ್ಲ. ತೆರೆದ ಮೇಲೆ ಒಂದೂವರೆಯಿಂದ ಎರಡು ವರ್ಷ ಚೆನ್ನಾಗಿರುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ.

ಡೇಟ್ ಮುಗಿದ ನೇಲ್ ಪಾಲಿಶ್ ಹಚ್ಚಿದರೆ ಕ್ಯಾನ್ಸರ್ ಬರುತ್ತದೆಯೇ? ಡೇಟ್ ದಾಟಿದ ಮರುದಿನ ಬಾಟಲಿಯಲ್ಲಿ ಹೊಸ ವಿಷ ಹುಟ್ಟುವುದಿಲ್ಲ. ಅದರಲ್ಲಿರುವ ಯಾವುದಾದರೂ ರಾಸಾಯನಿಕದಿಂದ ನಿಮಗೆ ಅಲರ್ಜಿ ಆಗುವುದಿದ್ದರೆ ಹೊಸ ಬಾಟಲಿಯಿಂದಲೂ ಆಗುತ್ತದೆ. ನೇಲ್ ಪಾಲಿಶ್ ಅಲರ್ಜಿ ಎಷ್ಟೋ ಸಲ ಬೆರಳಿನ ಬದಲು ಕಣ್ಣಿನ ರೆಪ್ಪೆ, ಕುತ್ತಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಪೂರ್ತಿ ಒಣಗದ ಉಗುರಿನಿಂದ ಅಲ್ಲೆಲ್ಲ ಮುಟ್ಟಿಕೊಳ್ಳುವುದು ಅದಕ್ಕೆ ಕಾರಣ.

ಗಟ್ಟಿಯಾದ ಪಾಲಿಶ್‌ಗೆ ರಿಮೂವರ್ ಹಾಕಿ ತೆಳು ಮಾಡುವ ಅಭ್ಯಾಸ ಹಲವರಿಗಿದೆ. ರಿಮೂವರ್‌ನ ಕೆಲಸ ಪದರವನ್ನು ಕಿತ್ತುಹಾಕುವುದು. ಅದರಲ್ಲಿ ನೀರು, ಎಣ್ಣೆಯ ಅಂಶಗಳೂ ಬೆರೆತಿರಬಹುದು. ಹಾಕಿದ ಕ್ಷಣಕ್ಕೆ ತೆಳುವಾದಂತೆ ಕಂಡರೂ ಹೊಳಪು ಹೋಗುತ್ತದೆ, ಬೇಗ ಕಿತ್ತು ಬರುತ್ತದೆ. ನೇಲ್ ಪಾಲಿಶ್ ಥಿನ್ನರ್ ಎಂದೇ ಸಿಗುವುದನ್ನು ಎರಡು ಮೂರು ಹನಿ ಹಾಕಿ, ಬಾಟಲಿಯನ್ನು ಎರಡೂ ಅಂಗೈ ನಡುವೆ ಹೊರಳಿಸುವುದು ಒಳ್ಳೆಯದು. ಬಾಯಿಯ ಹತ್ತಿರ ಅಂಟಿದ ಪಾಲಿಶ್ ಒರೆಸಿ ಮುಚ್ಚಿದರೆ ಮುಚ್ಚಳ ಬಿಗಿಯಾಗಿ ಕೂತು ಹೆಚ್ಚು ದಿನ ಬರುತ್ತದೆ.

ಬೆಳಕೂ ಮುಖ್ಯ. ನಮ್ಮ ಉಗುರಿಗೆ ತಾಗುವ ಇನ್ನೊಂದು ಬಣ್ಣವನ್ನು ನೆನಪಿಸಿಕೊಳ್ಳಿ. ಮತದಾನದ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ, 1962ರ ಚುನಾವಣೆಯಿಂದಲೂ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗುತ್ತದೆ, ಅಲ್ಲಿ ಬೇಕಿರುವುದೂ ಅದೇ. ನೇಲ್ ಪಾಲಿಶ್‌ನಲ್ಲಿ ಬೆಳಕು ನಮಗೆ ಬೇಡದ ಕೆಲಸ ಮಾಡುತ್ತದೆ, ಬಣ್ಣ ಮಾಸುತ್ತದೆ. ಯುವಿ ದೀಪದಲ್ಲಿ ಗಟ್ಟಿಯಾಗುವ ಜೆಲ್ ಪಾಲಿಶ್ ಅಂತೂ ಬಿಸಿಲಿಗಿಟ್ಟರೆ ಬಾಟಲಿಯಲ್ಲೇ ಗಟ್ಟಿಯಾಗಬಹುದು. ಕಿಟಕಿಯ ಮೇಲೆ ಸಾಲಾಗಿ ಜೋಡಿಸಿದರೆ ನೋಡಲು ಚೆಂದ, ಆದರೆ ಬೀರುವಿನೊಳಗೆ ಇಡುವುದೇ ಸರಿ.

ಒಂದು ನಿಜವಾದ ಅಪಾಯ ಮಾತ್ರ ಹೊಸತಕ್ಕೂ ಹಳತಕ್ಕೂ ಒಂದೇ: ನೇಲ್ ಪಾಲಿಶ್ ಮತ್ತು ರಿಮೂವರ್ ಬೇಗ ಹೊತ್ತಿಕೊಳ್ಳುತ್ತವೆ. ಒಲೆ, ದೇವರ ದೀಪದ ಹತ್ತಿರ ಕೂತು ಹಚ್ಚಬೇಡಿ. ಎಸೆಯುವಾಗ ಸಿಂಕಿಗೆ, ಚರಂಡಿಗೆ ಸುರಿಯಬೇಡಿ. ಮುಚ್ಚಳ ಬಿಗಿ ಮಾಡಿ, ಬೇರೆ ಕವರಿನಲ್ಲಿ ಹಾಕಿ, ಏನಿದೆ ಎಂದು ಹೇಳಿ ಕಸದ ಗಾಡಿಯವರಿಗೆ ಕೊಡಿ.

ಮನೆಯಲ್ಲೇ ಮಾಡಿದ ಕಾಡಿಗೆ ಕೆಡುವುದಿಲ್ಲವೇ?

ಹರಳೆಣ್ಣೆ ದೀಪದ ಮಸಿಯನ್ನು ತಟ್ಟೆಗೆ ಹಿಡಿದು, ತುಪ್ಪ ಅಥವಾ ಎಣ್ಣೆಯಲ್ಲಿ ಕಲಸಿ ಕಾಡಿಗೆ ಮಾಡುವ ಪದ್ಧತಿ ಮಲೆನಾಡಿನ ಮನೆಗಳಲ್ಲಿ ಇಂದಿಗೂ ಇದೆ. ಅಜ್ಜಿ ಮಾಡಿದ ಕಾಡಿಗೆ ವರ್ಷವಿಡೀ ಇರುತ್ತಿತ್ತು ಎನ್ನುವುದರಲ್ಲಿ ಆಶ್ಚರ್ಯವಿಲ್ಲ, ಅದರಲ್ಲಿ ನೀರಿಲ್ಲ. ಆದರೆ ಒದ್ದೆ ಬೆರಳು ಅದ್ದಿದರೆ, ಮನೆಮಂದಿಯೆಲ್ಲ ಒಂದೇ ಡಬ್ಬಿಯಿಂದ ಹಚ್ಚಿಕೊಂಡರೆ, ಒಬ್ಬರ ಕಣ್ಣುಬೇನೆ ಮತ್ತೊಬ್ಬರಿಗೆ ಹೋಗಲು ದಾರಿಯಾಗುತ್ತದೆ. ಸಣ್ಣ ಮಗುವಿನ ಕಣ್ಣಿನ ಒಳಗೆ ಕಾಡಿಗೆ ತೀಡಬೇಡಿ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಅದು ಹಳೇದಾದರೂ ಅಷ್ಟೇ, ಹೊಸದಾದರೂ ಅಷ್ಟೇ.

ಸುರ್ಮಾ ವಿಷಯವೇ ಬೇರೆ. ಸಾಂಪ್ರದಾಯಿಕವಾಗಿ ಅದನ್ನು ಸೀಸದ ಅದಿರಿನಿಂದ ಮಾಡುತ್ತಿದ್ದರು. ಸೀಸ ದೇಹಕ್ಕೆ, ಅದರಲ್ಲೂ ಮಕ್ಕಳ ಮಿದುಳಿಗೆ ಹಾನಿಕರ. ಬಣ್ಣಕ್ಕಾಗಿ ಸೀಸದ ಸಂಯುಕ್ತಗಳನ್ನು ಸೌಂದರ್ಯವರ್ಧಕಗಳಲ್ಲಿ ಬಳಸುವುದಕ್ಕೆ ಭಾರತದಲ್ಲಿ ನಿಷೇಧವಿದೆ. ಜಾತ್ರೆಯಲ್ಲಿ, ಸಂತೆಯಲ್ಲಿ ಲೇಬಲ್ ಇಲ್ಲದೆ ಸಿಗುವ ಕಾಡಿಗೆ, ಸುರ್ಮಾದಲ್ಲಿ ಏನಿದೆ ಎಂದು ಕಣ್ಣಿನಲ್ಲಿ ನೋಡಿ ಹೇಳಲಾಗದು. ಅಂಥದ್ದನ್ನು ಕೊಳ್ಳದಿರುವುದೇ ದಾರಿ.

ಹಾಗೆಯೇ ಪ್ರಿಸರ್ವೇಟಿವ್ ಇಲ್ಲದ ನ್ಯಾಚುರಲ್ ಕ್ರೀಮ್ ಹೆಚ್ಚು ಸುರಕ್ಷಿತ ಎನ್ನುವ ನಂಬಿಕೆ. ನೀರಿರುವ ಕ್ರೀಮಿಗೆ ಸಂರಕ್ಷಕ ಇಲ್ಲದಿದ್ದರೆ ಅದು ಬೇಗ ಕೆಡುತ್ತದೆ. ಮನೆಯಲ್ಲಿ ತೆಗೆದ ಲೋಳೆಸರದ ಲೋಳೆಯನ್ನು ಆ ದಿನಕ್ಕೆ ಬೇಕಾದಷ್ಟೇ ತೆಗೆದು ಬಳಸಿ.

ಮಳೆಗಾಲ, ಬೇಸಿಗೆ, ಸ್ಕೂಟರ್ ಡಿಕ್ಕಿ

ಪ್ಯಾಕ್ ಮೇಲಿನ ಡೇಟ್, ತಂಪಾದ ಒಣ ಜಾಗದಲ್ಲಿ ಇಡುತ್ತೀರಿ ಎಂದು ನಂಬಿ ಹಾಕಿದ್ದು. ನಮ್ಮ ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿಗೂ ಬೂಸ್ಟು ಬರುತ್ತದೆ. ಬಚ್ಚಲುಮನೆಯ ಶೆಲ್ಫಿನಲ್ಲಿಟ್ಟ ಕಾಂಪ್ಯಾಕ್ಟ್ ಪೌಡರ್, ಅದರೊಳಗೆ ಒದ್ದೆಯಾಗೇ ಮುಚ್ಚಿಟ್ಟ ಸ್ಪಂಜು ಕೂಡ ಅಷ್ಟೇ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರು, ಸ್ಕೂಟರ್ ಡಿಕ್ಕಿಯೊಳಗೆ ಹೊರಗಿನದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಇರುತ್ತದೆ. ಲಿಪ್‌ಸ್ಟಿಕ್ ಕರಗಿ ಬೆವರುತ್ತದೆ, ಕ್ರೀಮ್ ಒಡೆದು ನೀರು ಬೇರೆ, ಎಣ್ಣೆ ಬೇರೆಯಾಗುತ್ತದೆ. ಸನ್‌ಸ್ಕ್ರೀನ್ ಹೀಗೆ ಕೆಟ್ಟರೆ ನೋಡಲು ಸರಿಯಿದ್ದರೂ ಬಿಸಿಲಿನಿಂದ ಕಾಪಾಡುವ ಶಕ್ತಿ ಕಡಿಮೆಯಾಗಿರಬಹುದು. ಹಾಗಾಗಿ ಡೇಟ್ ಮುಗಿದ ಸನ್‌ಸ್ಕ್ರೀನ್ ಬಳಸಬೇಡಿ.

ತೆರೆದ ಮೇಲೆ ಎಷ್ಟು ದಿನ? ಒಂದು ಅಂದಾಜು

ಪ್ಯಾಕ್ ಮೇಲೆ ಬರೆದಿರುವುದೇ ಮೊದಲ ಲೆಕ್ಕ. ಅದು ಇಲ್ಲದಿದ್ದರೆ ಸಾಮಾನ್ಯವಾಗಿ ಕೊಡುವ ಸಲಹೆ ಇದು:

- ಮಸ್ಕಾರ: 2ರಿಂದ 4 ತಿಂಗಳು
- ಲಿಕ್ವಿಡ್ ಐಲೈನರ್: 3ರಿಂದ 6 ತಿಂಗಳು
- ಪೆನ್ಸಿಲ್ ಕಾಜಲ್: ಸುಮಾರು 1 ವರ್ಷ (ಶಾರ್ಪನರ್‌ನಲ್ಲಿ ಕೆತ್ತುವ ಪೆನ್ಸಿಲ್ ಆದರೆ ಆಗಾಗ ತುದಿ ಕೆತ್ತಿ ಬಳಸಿ)
- ಲಿಕ್ವಿಡ್ ಫೌಂಡೇಶನ್, ಲಿಪ್ ಗ್ಲಾಸ್: 6ರಿಂದ 12 ತಿಂಗಳು
- ಲಿಪ್‌ಸ್ಟಿಕ್: 1ರಿಂದ 2 ವರ್ಷ
- ಕಾಂಪ್ಯಾಕ್ಟ್, ಒಣ ಪೌಡರ್: ಸುಮಾರು 2 ವರ್ಷ
- ನೇಲ್ ಪಾಲಿಶ್: ಒಂದೂವರೆಯಿಂದ 2 ವರ್ಷ

ವಾಸನೆ, ಬಣ್ಣ, ಹದ ಬದಲಾದರೆ ಇಷ್ಟು ದಿನ ಕಾಯಬೇಕಿಲ್ಲ. ಆದರೆ ಬದಲಾಗಿಲ್ಲ ಎಂದ ಮಾತ್ರಕ್ಕೆ ಮಸ್ಕಾರ ಚೆನ್ನಾಗಿದೆ ಎಂದುಕೊಳ್ಳಬೇಡಿ, ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವುದಿಲ್ಲ.

ಕೊಳ್ಳುವಾಗ, ಪಾರ್ಲರ್‌ಗೆ ಹೋದಾಗ

ಅಂಗಡಿಯಲ್ಲಿ ಬೆಲೆ ನೋಡುವಾಗಲೇ ಡೇಟ್, ಬ್ಯಾಚ್ ನಂಬರ್, ತಯಾರಕರ ವಿಳಾಸ ನೋಡಿ. ವಿದೇಶಿ ಸಾಮಾನಾದರೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಬೇಕು. ಡೇಟ್ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿದ್ದರೆ, ಅಳಿಸಿದ್ದರೆ, ರಟ್ಟಿನ ಡಬ್ಬಿಯ ಬ್ಯಾಚ್ ನಂಬರಿಗೂ ಒಳಗಿನ ಟ್ಯೂಬಿನ ನಂಬರಿಗೂ ತಾಳೆಯಾಗದಿದ್ದರೆ ಬಿಟ್ಟುಬಿಡಿ. ಬಿಲ್ ಕೇಳಿ ಪಡೆಯಿರಿ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಭಾರಿ ರಿಯಾಯಿತಿಯಲ್ಲಿ ಕೊಡುವ ಸಾಮಾನಿಗೆ ಇನ್ನು ಒಂದೆರಡು ತಿಂಗಳು ಮಾತ್ರ ಉಳಿದಿರಬಹುದು. ಬೇಗ ಮುಗಿಸುವಂಥದ್ದಾದರೆ ಲಾಭವೇ, ಎರಡು ವರ್ಷ ಇಡುವಂಥದ್ದಾದರೆ ನಷ್ಟ.

ಮದುಮಗಳ ಮೇಕಪ್ ಬುಕ್ ಮಾಡುವಾಗ ಮುಖ ಎಷ್ಟು ಬೆಳ್ಳಗೆ ಕಾಣುತ್ತದೆ ಎಂದಷ್ಟೇ ಅಲ್ಲ, ಮಸ್ಕಾರಕ್ಕೆ ಬಳಸಿ ಎಸೆಯುವ ಬ್ರಷ್ ಇದೆಯೇ, ಲಿಪ್‌ಸ್ಟಿಕ್ ಅನ್ನು ತಟ್ಟೆಗೆ ತೆಗೆದು ಹಚ್ಚುತ್ತೀರಾ ಎಂದೂ ಕೇಳಿ. ಬೇಕಾದರೆ ಕಾಜಲ್, ಮಸ್ಕಾರ, ಲಿಪ್‌ಸ್ಟಿಕ್ ಮೂರನ್ನು ನಿಮ್ಮದೇ ಒಯ್ಯಿರಿ. ಹೀಗೆ ಕೇಳಿದರೆ ಒಳ್ಳೆಯ ಪಾರ್ಲರಿನವರು ಬೇಸರ ಮಾಡಿಕೊಳ್ಳುವುದಿಲ್ಲ. ಅಂಗಡಿಯ ಟೆಸ್ಟರ್ ಲಿಪ್‌ಸ್ಟಿಕ್ ಅನ್ನು ತುಟಿಯ ಬದಲು ಕೈ ಹಿಂಬದಿಗೆ ಹಚ್ಚಿ ನೋಡಿ.

ಜೊತೆಗೆ ಓಡಾಡುವ ಎರಡು ಸುಳ್ಳುಗಳು

ಲಿಪ್‌ಸ್ಟಿಕ್ ಮೇಲೆ ಚಿನ್ನದ ಉಂಗುರ ಉಜ್ಜಿ, ಕಪ್ಪಾದರೆ ಸೀಸ ಇದೆ ಎಂದರ್ಥ: ಇದು 2003ರ ಸುಮಾರಿಗೆ ಇಮೇಲ್‌ನಲ್ಲಿ ಹರಡಿ, ಈಗ ವಾಟ್ಸ್‌ಆ್ಯಪ್‌ಗೆ ಬಂದಿರುವ ಸಂದೇಶ. ಲೋಹಗಳನ್ನು ಉಜ್ಜಿದಾಗ ಹಲವು ವಸ್ತುಗಳ ಮೇಲೆ ಕಪ್ಪು ಗೆರೆ ಬೀಳುತ್ತದೆ, ಅದಕ್ಕೆ ಸೀಸವೇ ಇರಬೇಕಿಲ್ಲ. ಸೀಸವನ್ನು ಪತ್ತೆ ಮಾಡುವುದು ಪ್ರಯೋಗಾಲಯದಲ್ಲಿ.

ಟ್ಯೂಬಿನ ತುದಿಯಲ್ಲಿ ಹಸಿರು ಪಟ್ಟಿ ಇದ್ದರೆ ನೈಸರ್ಗಿಕ, ಕಪ್ಪು ಇದ್ದರೆ ಪೂರ್ತಿ ಕೆಮಿಕಲ್: ಇದೂ ಸುಳ್ಳು. ಕಾರ್ಖಾನೆಯಲ್ಲಿ ಟ್ಯೂಬನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮುಚ್ಚಬೇಕು ಎಂದು ಯಂತ್ರದ ಸೆನ್ಸರ್‌ಗೆ ತೋರಿಸುವ ಗುರುತು ಅದು. ಒಳಗಿರುವುದಕ್ಕೂ ಅದರ ಬಣ್ಣಕ್ಕೂ ಸಂಬಂಧವಿಲ್ಲ.

ಹಾಗಾದರೆ ಈಗ ಏನು ಮಾಡಬೇಕು?

ಮೇಕಪ್ ಪರ್ಸನ್ನು ಒಮ್ಮೆ ಖಾಲಿ ಮಾಡಿ ಮೂರು ಗುಂಪು ಮಾಡಿ. ಕಣ್ಣಿಗೆ ಹಚ್ಚುವ, ಯಾವಾಗ ತೆರೆದದ್ದೆಂದು ನೆನಪಿಲ್ಲದ ಮಸ್ಕಾರ, ಐಲೈನರ್ ಮೊದಲು ಹೋಗಲಿ. ತುಟಿಗೆ, ಮುಖಕ್ಕೆ ಹಚ್ಚುವ ಲಿಕ್ವಿಡ್ ಮತ್ತು ಕ್ರೀಮ್‌ಗಳ ಡೇಟ್ ನೋಡಿ, ವಾಸನೆ ನೋಡಿ ತೀರ್ಮಾನಿಸಿ. ನೇಲ್ ಪಾಲಿಶ್ ಸರಿಯಾಗಿ ಹಚ್ಚಲು ಬರುವಷ್ಟು ದಿನ ಇರಲಿ. ಸ್ಪಂಜು, ಬ್ರಷ್‌ಗಳನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ.

ಮುಂದಿನ ಸಲ ಹೊಸದನ್ನು ತೆರೆಯುವಾಗ ಸಣ್ಣ ಟೇಪ್ ಅಂಟಿಸಿ, ತೆರೆದ ತಿಂಗಳು ಮತ್ತು ವರ್ಷವನ್ನು ಪೆನ್ನಿನಲ್ಲಿ ಬರೆಯಿರಿ. ಎಲ್ಲವನ್ನೂ ಎಸೆಯಿರಿ ಎನ್ನುವ ಫಾರ್ವರ್ಡ್ ಬಂದಾಗ ನಿಮ್ಮ ಗುಂಪಿನವರಿಗೆ ಈ ಟೇಪಿನ ವಿಷಯ ಹೇಳಿ. ಅದಕ್ಕೆ ಖರ್ಚಿಲ್ಲ, ಯಾರ ಕಣ್ಣಿಗೂ ತೊಂದರೆಯಿಲ್ಲ.